‘ಕಡೆ’ ಧಾತುವೂ ಕಡೆತದ ಕಸುಬೂ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ಅಧ್ಯಯನ

1. ಪೀಠಿಕೆ

ಕನ್ನಡ ವಿಮರ್ಶೆಯ ಪರಿಭಾಷೆಯಲ್ಲಿ ಕಸುಬುಗಳ ಮಾತು ಧಾರಾಳವಾಗಿ ಬೆರೆತಿದೆ. ಕೃತಿಯನ್ನು ‘ಒರೆಗೆ ಹಚ್ಚುವುದು’ ಅಕ್ಕಸಾಲಿಗನ ಮಾತು. ‘ಎರಕ ಹೊಯ್ದಂತಿದೆ’ ಎಂಬುದು ಕಂಚುಗಾರನದು. ಕಾದಂಬರಿಯ ‘ನೇಯ್ಗೆ’, ಕಥೆಯ ‘ಹೆಣಿಗೆ’ ನೇಕಾರ ಮೇದರರಿಂದ ಬಂದವು. ಪಾತ್ರವೊಂದು ‘ಕಡೆದಿಟ್ಟಂತಿದೆ’ ಎಂದು ಬರೆಯುವ ವಿಮರ್ಶಕನೂ ಒಂದು ಕಸುಬಿನಿಂದಲೇ ಸಾಲ ಪಡೆದಿರುತ್ತಾನೆ. ಆದರೆ ಮೊದಲ ಮೂರರ ಮೂಲ ಕಸುಬು ಓದುಗನ ಕಣ್ಣಿಗೆ ಕಟ್ಟುವಷ್ಟು ಸುಲಭವಾಗಿ ನಾಲ್ಕನೆಯದರ ಮೂಲ ಕಸುಬು ಕಟ್ಟುವುದಿಲ್ಲ. ‘ಕಡೆದಿಟ್ಟ ಬೊಂಬೆ’ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಕಲ್ಲುಕುಟಿಗನ ಉಳಿಯೇ ಹೊರತು, ಹಗ್ಗದಿಂದ ಸುತ್ತುವ ಮರದ ತುಂಡಿಗೆ ಉಳಿ ಆನಿಸಿ ಕುಳಿತ ಕಡೆತಗಾರನಲ್ಲ.

ಮರವನ್ನು ತಿರುಗಿಸುತ್ತ, ಉಳಿಯಿಂದ ಸವರಿ ದುಂಡಾದ ವಸ್ತುಗಳನ್ನು ರೂಪಿಸುವ ಕೆಲಸವನ್ನು ಇಲ್ಲಿ ‘ಕಡೆತ’ ಎಂದು ಕರೆಯಲಾಗಿದೆ. ಈ ಕಸುಬಿನ ಹೆಸರಾದ ‘ಕಡೆ’ ಧಾತುವಿನ ಅರ್ಥವ್ಯಾಪ್ತಿಯನ್ನು ಗುರುತಿಸುವುದು, ಅದರ ಅರ್ಥ ಮಸುಕಾದುದಕ್ಕೆ ಕಾರಣಗಳನ್ನು ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು, ಇಂಥ ಕಸುಬಿನ ಪದಗಳನ್ನು ಸಂಗ್ರಹಿಸಲು ತಕ್ಕ ವಿಧಾನವನ್ನು ಸೂಚಿಸುವುದು, ಇವು ಪ್ರಸ್ತುತ ಲೇಖನದ ಮೂರು ಉದ್ದೇಶಗಳು.

2. ಒಂದು ಧಾತು, ಎರಡು ಕೆಲಸ

‘ಕಡೆ’ ಎಂಬ ಕ್ರಿಯಾಪದಕ್ಕೆ ಇಂದು ಎಲ್ಲರೂ ಬಲ್ಲ ಅರ್ಥ ‘ಮಥಿಸು’ ಎಂಬುದು. ಮೊಸರು ಕಡೆಯುವುದು, ಕಡೆಗೋಲು, ಕಡಲ ಕಡೆತದ ಪುರಾಣ, ಇವೆಲ್ಲವೂ ಆ ಅರ್ಥವನ್ನು ಜೀವಂತವಾಗಿ ಇರಿಸಿವೆ. ಉಡುಪಿಯ ಕೃಷ್ಣನ ಕೈಯಲ್ಲಿರುವ ಕಡೆಗೋಲು ದಾಸಸಾಹಿತ್ಯದ ಮೂಲಕ ಮನೆಮಾತಾಗಿದೆ. ಆದರೆ ಇದೇ ಧಾತುವಿಗೆ ‘ಮರವನ್ನು ತಿರುಗಿಸಿ ದುಂಡಗೆ ರೂಪಿಸು’ ಎಂಬ ಇನ್ನೊಂದು ಅರ್ಥವೂ ಇದೆ. ತಮಿಳಿನ ‘ಕಡೈ’, ಮಲಯಾಳದ ‘ಕಡಯುಗ’ ಎಂಬ ಸೋದರ ರೂಪಗಳಲ್ಲಿ ಮಥನ ಮತ್ತು ಕಡೆತ ಎರಡೂ ಅರ್ಥಗಳು ಸ್ಪಷ್ಟವಾಗಿವೆ. ತಮಿಳಿನಲ್ಲಿ ‘ಕಡೈಸಲ್’ ಎಂಬುದು ಇಂದಿಗೂ ಕಸುಬಿನ ಹೆಸರು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (1961, ಪರಿಷ್ಕೃತ ಆವೃತ್ತಿ 1984) ಈ ರೂಪಗಳನ್ನೆಲ್ಲ ಒಂದೇ ಉಲ್ಲೇಖದಡಿ ತಂದಿರುವುದು ಗಮನಾರ್ಹ. ಕನ್ನಡದ ‘ಕಡಸಲು’ ಎಂಬ ನಾಮರೂಪವೂ ಇದೇ ಬಳಗಕ್ಕೆ ಸೇರಿದುದು.

ಬೆಣ್ಣೆ ತೆಗೆಯುವ ಕೆಲಸಕ್ಕೂ ಮರದ ಬುಗುರಿ ಮಾಡುವ ಕೆಲಸಕ್ಕೂ ಒಂದೇ ಹೆಸರು ಬಂದುದು ಹೇಗೆ? ಉತ್ಪನ್ನಗಳನ್ನು ನೋಡಿದರೆ ಎರಡಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ಚಲನೆಯಲ್ಲಿ. ದೊಡ್ಡ ಗಡಿಗೆಯಲ್ಲಿ ಮೊಸರು ಕಡೆಯುವಾಗ ಕಂಬಕ್ಕೆ ಆನಿಸಿದ ಕಡೆಗೋಲಿಗೆ ಹಗ್ಗವನ್ನು ಸುತ್ತಿ, ಅದರ ಎರಡು ತುದಿಗಳನ್ನು ಎಡಗೈ ಬಲಗೈಗಳಿಂದ ಒಂದಾದ ಮೇಲೊಂದು ಎಳೆಯುತ್ತಾರೆ. ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತುತ್ತದೆ. ಯಂತ್ರಚಾಲಿತ ಲೇತು ಬರುವ ಮೊದಲಿನ ಕಡೆತದ ಸಾಧನವೂ ಹೀಗೆಯೇ ನಡೆಯುತ್ತಿತ್ತು. ಎರಡು ಮೊನೆಗಳ ನಡುವೆ ಅಡ್ಡಲಾಗಿ ಸಿಕ್ಕಿಸಿದ ಮರದ ತುಂಡಿಗೆ ಹಗ್ಗ ಸುತ್ತಿ ಒಬ್ಬ ಅತ್ತಿಂದಿತ್ತ ಎಳೆಯುತ್ತಾನೆ, ಇನ್ನೊಬ್ಬ ಉಳಿ ಹಿಡಿಯುತ್ತಾನೆ. ಒಬ್ಬನೇ ಕೆಲಸ ಮಾಡುವಲ್ಲಿ ಹಗ್ಗದ ಬದಲಿಗೆ ಬಿಲ್ಲು ಬರುತ್ತದೆ. ಬಿಲ್ಲಿನ ಹೆದೆಯನ್ನು ತುಂಡಿಗೆ ಸುತ್ತಿ ಬಲಗೈಯಿಂದ ಆಡಿಸುತ್ತ ಎಡಗೈಯಲ್ಲಿ ಉಳಿ ಹಿಡಿಯಬೇಕಾಗುತ್ತದೆ. ಮಂತಿನ ಕೋಲು ನೆಟ್ಟಗೆ ನಿಂತಿದ್ದರೆ ಕಡೆತದ ತುಂಡು ಅಡ್ಡಲಾಗಿ ಮಲಗಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಧಾತು ಹೆಸರಿಸಿರುವುದು ಉತ್ಪನ್ನವನ್ನಲ್ಲ, ಹಗ್ಗದ ಈ ಎರಡು ದಿಕ್ಕಿನ ಚಲನೆಯನ್ನು ಎಂದು ಇದರಿಂದ ಊಹಿಸಬಹುದು.

ಈ ಊಹೆಗೆ ಬೆಂಬಲವಾಗಿ ಕುಂಬಾರನ ಸಾಧನವನ್ನು ಹೋಲಿಸಿ ನೋಡಬಹುದು. ಕುಂಬಾರನ ತಿಗರಿ ಒಂದೇ ದಿಕ್ಕಿಗೆ, ತನ್ನ ಭಾರದ ವೇಗದಿಂದ, ಬಿಡುವಿಲ್ಲದೆ ಸುತ್ತುತ್ತದೆ. ಅದಕ್ಕೆ ಕನ್ನಡ ‘ಕಡೆ’ ಎನ್ನುವುದಿಲ್ಲ; ಕುಂಬಾರ ಮಡಕೆಯನ್ನು ಕಡೆಯುವುದಿಲ್ಲ, ತಟ್ಟುತ್ತಾನೆ, ಮಾಡುತ್ತಾನೆ. ಎರಡೂ ತಿರುಗುವ ಸಾಧನಗಳೇ ಆದರೂ ಭಾಷೆ ಅವುಗಳ ತಿರುಗುವ ಬಗೆಯನ್ನು ಬೇರೆಬೇರೆಯಾಗಿ ಗುರುತಿಸಿದೆ.

ಇಲ್ಲಿ ಒಂದು ಸೂಕ್ಷ್ಮವೂ ಇದೆ. ಮಥನದಲ್ಲಿ ಹಗ್ಗದ ಎರಡೂ ಎಳೆತಗಳು ಕೆಲಸಕ್ಕೆ ಬರುತ್ತವೆ. ಕಡೆತದಲ್ಲಿ ಮರ ಉಳಿಯ ಕಡೆಗೆ ತಿರುಗುವಾಗ ಮಾತ್ರ ಸವರು ಬೀಳುತ್ತದೆ. ಹಿಂದಕ್ಕೆ ತಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಹಿಂದೆ ತೆಗೆಯಬೇಕು, ಮರಳಿ ತಾಗಿಸಬೇಕು. ಹಗ್ಗ ಎಳೆಯುವವನ ಲಯವೂ ಉಳಿ ಹಿಡಿದವನ ಕೈಯೂ ಕೂಡಿದರೆ ಮಾತ್ರ ವಸ್ತು ದುಂಡಾಗುತ್ತದೆ. ಕಡೆತದ ಕಲಿಕೆ ಹಗ್ಗದ ತುದಿಯಲ್ಲಿ ಆರಂಭವಾಗುವುದು ಸಹಜ. ಎಳೆಯುತ್ತ ಎಳೆಯುತ್ತ ಲಯ ಕಲಿತವನೇ ಮುಂದೆ ಉಳಿ ಹಿಡಿಯಬಲ್ಲ. ಇಂಥ ಕಲಿಕೆಯಲ್ಲಿ ಮಾತು ಕೆಲಸದಿಂದ ಬೇರೆಯಾಗಿ ನಿಲ್ಲುವುದಿಲ್ಲ. ಪದಸಂಗ್ರಹದ ವಿಧಾನವನ್ನು ಕುರಿತ ಮುಂದಿನ ಚರ್ಚೆಗೆ ಈ ಅಂಶವೇ ಆಧಾರ.

3. ಅರ್ಥದ ಜಾರುವಿಕೆ

ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ದೇವಾಲಯಗಳ ನವರಂಗದಲ್ಲಿ ಕಾಣುವ, ನುಣುಪಾದ ಬಳೆಬಳೆಯ ಕಂಬಗಳನ್ನು ತಿರುಗಣಿಯಲ್ಲಿ ಕಡೆದ ಕಂಬಗಳೆಂದು ಕಲೆಯ ಇತಿಹಾಸಕಾರರು ವರ್ಣಿಸುತ್ತ ಬಂದಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುವುದರಿಂದ ಇದು ಸಾಧ್ಯವಾಯಿತು. ಅಷ್ಟು ಭಾರದ ಕಲ್ಲನ್ನು ಹೇಗೆ ತಿರುಗಿಸಿದರು ಎಂಬ ಬಗ್ಗೆ ಚರ್ಚೆಗೆ ಅವಕಾಶವಿದ್ದರೂ, ಆ ಕಂಬಗಳ ರೂಪವು ಮರದ ಕಡೆತದ ರೂಪವೇ ಎಂಬುದು ಮಂಚದ ಕಾಲನ್ನೋ ತೊಟ್ಟಿಲ ಕಂಬವನ್ನೋ ಪಕ್ಕದಲ್ಲಿಟ್ಟು ನೋಡಿದವರಿಗೆ ತಿಳಿಯುತ್ತದೆ.

ಕಂಬದ ಕಡೆತದಿಂದ ವಿಗ್ರಹದ ಕೆತ್ತನೆಗೆ ‘ಕಡೆ’ ಎಂಬ ಮಾತು ವಿಸ್ತರಿಸಿರುವ ಸಾಧ್ಯತೆ ಇದೆ. ಕನ್ನಡದಲ್ಲಿ ಕೆತ್ತನೆಗೆ ‘ಕೆತ್ತು’, ‘ಕಂಡರಿಸು’, ‘ಬಿಡಿಸು’ ಎಂಬ ಬೇರೆ ಕ್ರಿಯಾಪದಗಳು ಇದ್ದೇ ಇವೆ. ಆದರೂ ‘ಶಿಲ್ಪವನ್ನು ಕಡೆದ’ ಎಂಬ ಪ್ರಯೋಗ ರೂಢವಾಗಿದೆ. ಇದಕ್ಕೆ ಧ್ವನಿಸಾಮ್ಯವೂ ನೆರವಾಗಿರಬಹುದು. ‘ಕತ್ತರಿಸು’ ಎಂಬರ್ಥದ ‘ಕಡಿ’ ಧಾತುವಿನ ಭೂತಕೃದಂತ ‘ಕಡಿದ’, ‘ಕಡೆ’ಯದು ‘ಕಡೆದ’. ಆಡುಮಾತಿನಲ್ಲಿ ನಡುವಣ ಸ್ವರ ಸವೆದಾಗ ಇವೆರಡೂ ಬಹಳ ಹತ್ತಿರ ಬರುತ್ತವೆ. ಕಡಿದದ್ದೋ ಕಡೆದದ್ದೋ ಎಂಬ ಭೇದವನ್ನು ಉಳಿಸುವುದು ಕಿವಿಯಲ್ಲ, ಕಸುಬಿನ ಪರಿಚಯ. ಪರಿಚಯ ತಪ್ಪಿದಾಗ ಭೇದವೂ ತಪ್ಪುತ್ತದೆ. ‘ಕಡೆದಿಟ್ಟಂತೆ’ ಎಂಬ ಉಪಮೆಯ ಬಲ ಮೂಲದಲ್ಲಿ ನುಣುಪಿನಲ್ಲಿಯೂ ದುಂಡುತನದಲ್ಲಿಯೂ ಸುತ್ತಲೂ ಸಮನಾದ ಅಳತೆಯಲ್ಲಿಯೂ ಇದ್ದಿರಬೇಕು. ಇಂದಿನ ಪ್ರಯೋಗದಲ್ಲಿ ಅದು ಬರಿಯ ‘ಸುಂದರವಾಗಿ’ ಎಂಬಷ್ಟಕ್ಕೆ ತೆಳುವಾಗಿದೆ.

ಕಾಯಕದ ಮಾತು ಕಾವ್ಯದ ಮಾತಾದ ಪರಂಪರೆ ಕನ್ನಡದಲ್ಲಿ ಗಟ್ಟಿಯಾಗಿಯೇ ಇದೆ. ಮೇದರ ಕೇತಯ್ಯ, ನುಲಿಯ ಚಂದಯ್ಯ, ಬಾಚಿಕಾಯಕದ ಬಸವಣ್ಣ ಮೊದಲಾದ ವಚನಕಾರರ ಹೆಸರಿನಲ್ಲಿಯೇ ಕಸುಬಿದೆ. ಕೊನೆಯವನ ಹೆಸರಿಗೆ ಅಂಟಿದ ಬಾಚಿ ಬಡಗಿಯ ಉಪಕರಣ. ಬಡಗಿಯ ಬಾಚಿಗೆ ವಚನ ಸಾಹಿತ್ಯದಲ್ಲಿ ದೊರೆತ ಗೌರವದ ಬಗ್ಗೆ ಬರೆದಿರುವ ನಾವು, ಅದೇ ಬಡಗಿಯ ಕಡೆತದ ಹಗ್ಗದ ಬಗ್ಗೆ ಬರೆದುದು ತೀರ ಕಡಿಮೆ.

4. ನಾಲ್ಕು ತಾಲ್ಲೂಕುಗಳು: ಮರ, ಗಾಡಿ, ಕಾಡು

ಕರ್ನಾಟಕದಲ್ಲಿ ಕಡೆತ ಎಂದೊಡನೆ ನೆನಪಾಗುವುದು ಚನ್ನಪಟ್ಟಣ. ಹಾಲೆ ಮರದ ತುಂಡನ್ನು ಕಡೆದು, ಸುತ್ತುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ; ಬಳಿಕ ಗರಿಯಿಂದ ಒತ್ತಿ ಮೆರುಗು ಕೊಡುತ್ತಾರೆ. ಅಲ್ಲಿನ ಬೊಂಬೆಗಳಿಗೆ ಈ ಶತಮಾನದ ಮೊದಲ ದಶಕದಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೆ ಕಡೆತವನ್ನು ಒಂದು ಊರಿನ ಬೊಂಬೆಗೆ ಸೀಮಿತಗೊಳಿಸಿದರೆ, ಊರೂರಿನ ಬಡಗಿಯ ನಿತ್ಯದ ಕೆಲಸದಲ್ಲಿ ಅದು ಪಡೆದಿದ್ದ ಸ್ಥಾನ ಮರೆಯಾಗುತ್ತದೆ. ಮೈಸೂರಿನ ಪಶ್ಚಿಮದ ನಾಲ್ಕು ತಾಲ್ಲೂಕುಗಳನ್ನು ಇಲ್ಲಿ ಆಯ್ದುಕೊಂಡಿರುವುದು ಈ ಕಾರಣಕ್ಕಾಗಿಯೇ.

ಹುಣಸೂರು ಲಕ್ಷ್ಮಣತೀರ್ಥದ ದಂಡೆಯಲ್ಲಿ, ಮೈಸೂರಿನಿಂದ ಕೊಡಗಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಇರುವ ಪಟ್ಟಣ. ಅಮೃತಮಹಲ್ ದನಗಳ ಆಡಳಿತದ ನೆಲೆಯಾಗಿದ್ದ ಈ ಊರಿನಲ್ಲಿ 19ನೆಯ ಶತಮಾನದಲ್ಲಿ ಸೈನ್ಯದ ಅಗತ್ಯಗಳಿಗಾಗಿ ಚರ್ಮ ಹದಮಾಡುವ, ಕಂಬಳಿ ನೇಯುವ ಕಾರ್ಖಾನೆಗಳೂ ಗಾಡಿಗಳನ್ನು ಕಟ್ಟುವ ಮರದ ಅಂಗಳವೂ ಇದ್ದುವು. ಸರ್ಕಾರಿ ಕಾರ್ಖಾನೆಗಳು ಮುಚ್ಚಿದ ಮೇಲೂ ಅಲ್ಲಿ ತರಬೇತಾದ ಕುಶಲಕರ್ಮಿಗಳ ಕೆಲಸ ಊರಿನಲ್ಲಿ ಮುಂದುವರಿದುದನ್ನು ಗೆಜೆಟಿಯರುಗಳು ದಾಖಲಿಸಿವೆ.

ಕಡೆತದ ದೃಷ್ಟಿಯಿಂದ ಗಾಡಿ ಮುಖ್ಯವಾದ ವಸ್ತು. ಎತ್ತಿನ ಗಾಡಿಯ ಗಾಲಿಯಲ್ಲಿ ಅರೆಗಳು ಬಂದು ಸೇರುವ ಗುಂಬವೇ ಅದರ ಹೃದಯ. ಗುಂಬ ಸುತ್ತಲೂ ಸಮವಾಗಿ ದುಂಡಗಿರದಿದ್ದರೆ ಅರೆಗಳು ಸಮನಾಗಿ ನಿಲ್ಲುವುದಿಲ್ಲ, ಗಾಲಿ ಓಲಾಡುತ್ತದೆ, ಅಚ್ಚು ಸವೆಯುತ್ತದೆ. ಹೀಗೆ ಗಾಡಿ ಇದ್ದ ಊರಿನಲ್ಲೆಲ್ಲ ದುಂಡಗೆ ಕಡೆಯಬಲ್ಲ ಕೈಗೆ ಕೆಲಸವಿತ್ತು. ಕಾವೇರಿ ಬಯಲಿನ ಕೃಷ್ಣರಾಜನಗರ ತಾಲ್ಲೂಕು, ಹಿಂದಿನ ಯಡತೊರೆ, ಭತ್ತದ ಸೀಮೆ. ಆ ಭಾಗದ ಚುಂಚನಕಟ್ಟೆಯ ಜಾತ್ರೆ ದನಗಳ ಪರಿಷೆಗೆ ಹೆಸರಾದುದು. ಎತ್ತು, ಗಾಡಿ, ಗಾಲಿ, ಗುಂಬ ಇವು ಒಂದೇ ಸರಪಳಿಯ ಕೊಂಡಿಗಳು. ಟೈರಿನ ಗಾಡಿ ಬಂದಾಗ ಮರದ ಗುಂಬ ಹೋಯಿತು. ಟ್ರ್ಯಾಕ್ಟರ್ ಬಂದಾಗ ಗಾಡಿಯೇ ಹಿಂದೆ ಸರಿಯಿತು. ಗುಂಬದ ಜೊತೆಗೆ ಗುಂಬವನ್ನು ಕಡೆಯುವ ಮಾತೂ ಬಡಗಿಯ ಪಟ್ಟಡೆಯಿಂದ ಹೊರಬಿದ್ದಿತು. ಕಡಾಣಿ ಗಾದೆಯ ಬಲದಿಂದ, ಹಳಿ ರೈಲಿನ ಬಲದಿಂದ ಉಳಿದುಕೊಂಡುವು. ಗುಂಬಕ್ಕೆ ಅಂಥ ಆಸರೆ ದೊರೆಯಲಿಲ್ಲ.

ಮನೆಬಳಕೆಯ ವಸ್ತುಗಳದು ಇನ್ನೊಂದು ಪಟ್ಟಿ: ಬುಗುರಿ, ಗಿಲಕಿ, ಲಟ್ಟಣಿಗೆ, ಮಂಚದ ಕಾಲು, ತೊಟ್ಟಿಲ ಕಂಬ, ಚದುರಂಗದ ಕಾಯಿ. ಮಗು ಹುಟ್ಟಿದ ಮನೆಯ ತೊಟ್ಟಿಲಿನಿಂದ ಮದುವೆಯ ಮಂಚದವರೆಗೆ ಕಡೆತಗಾರನ ಕೈ ಹಬ್ಬಿತ್ತು ಎಂದರೆ ತಪ್ಪಾಗದು. ಪ್ಲಾಸ್ಟಿಕ್ ಮತ್ತು ಕಬ್ಬಿಣದ ಕೊಳವೆಗಳು ಈ ಪಟ್ಟಿಯ ಬಹುಭಾಗವನ್ನು ಕಸಿದುಕೊಂಡಿವೆ.

ಮೂರನೆಯ ಅಂಶ ಮರದ್ದು. ಹೆಗ್ಗಡದೇವನಕೋಟೆ ಮತ್ತು ಹುಣಸೂರು ತಾಲ್ಲೂಕುಗಳ ಕಾಡಿನ ದೊಡ್ಡ ಭಾಗ ಇಂದು ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿದೆ. 1955ರಲ್ಲಿ ಅಭಯಾರಣ್ಯವಾದ ಪ್ರದೇಶ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಡುವೆ 1974ರಲ್ಲಿ ಕಬಿನಿ ಜಲಾಶಯ ಕಾಡನ್ನೂ ಹಳ್ಳಿಗಳನ್ನೂ ಮುಳುಗಿಸಿತು. ಜೇನುಕುರುಬರು, ಬೆಟ್ಟಕುರುಬರು ಕಾಡಿನಿಂದ ಹೊರಬರಬೇಕಾಗಿ ಬಂದುದರ ನೋವು ಬೇರೆಯೇ ಅಧ್ಯಯನವನ್ನು ಬೇಡುತ್ತದೆ. ಅವರೊಂದಿಗೆ ಮರಗಳ ಹೆಸರು, ಗುಣ, ಹದಗಳ ಜ್ಞಾನವೂ ಕಾಡಿನಿಂದ ಬೇರ್ಪಟ್ಟಿತು ಎಂಬುದನ್ನು ಮಾತ್ರ ಇಲ್ಲಿ ಗುರುತಿಸಬೇಕು. ಕಾಡನ್ನು ಉಳಿಸುವ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊಲದ ಬದುವಿನ ಮರವಾದರೂ ಬಡಗಿಗೆ ದೊರೆಯುತ್ತಿದೆಯೇ ಎಂದರೆ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಗಳು. ಸೊಪ್ಪನ್ನು ಬ್ಯಾರನ್‌ಗಳಲ್ಲಿ ಬೇಯಿಸಿ ಹದಗೊಳಿಸಲು ಸೌದೆ ಬೇಕು. ಕಡೆತಕ್ಕೆ ಬೇಕಾದ ತೋಳಿನ ಗಾತ್ರದ ಮರವೇ ಒಲೆಗೂ ಅನುಕೂಲವಾದ ಮರ. ಒಂದೇ ಕೊಂಬೆ ಬುಗುರಿಯೂ ಆಗಬಹುದು, ಬೂದಿಯೂ ಆಗಬಹುದು; ಬೆಲೆ ಹೆಚ್ಚು ಕೊಡುವ ಕಡೆಗೆ ಅದು ಹೋಗುತ್ತದೆ.

ಪಿರಿಯಾಪಟ್ಟಣ ತಾಲ್ಲೂಕು ಇನ್ನೊಂದು ಆಯಾಮವನ್ನು ಸೇರಿಸುತ್ತದೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿಯೂ 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಟಿಬೆಟನ್ ನಿರಾಶ್ರಿತರು ನೆಲೆಸಿದರು. ಟಿಬೆಟನ್ ಬದುಕಿನಲ್ಲಿ ಕಡೆದ ಮರದ ಬಟ್ಟಲಿಗೆ ವಿಶೇಷ ಸ್ಥಾನವಿದೆ. ಹುರಿಹಿಟ್ಟಿಗೂ ಬೆಣ್ಣೆಯ ಚಹಾಕ್ಕೂ ಅದೇ ಪಾತ್ರೆ. ಹೀಗೆ ಬೆಣ್ಣೆ ಕಡೆಯುವ, ಬಟ್ಟಲು ಕಡೆಯುವ ಎರಡು ಪರಂಪರೆಗಳು ಒಂದೇ ತಾಲ್ಲೂಕಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನೆರೆಹೊರೆಯಾಗಿವೆ. ಈ ನೆರೆಹೊರೆಯಲ್ಲಿ ಮಾತು, ಉಪಕರಣ, ಮರದ ಆಯ್ಕೆ ಕೈಬದಲಾಗಿವೆಯೇ ಎಂಬುದು ಭಾಷಾ ಸಂಪರ್ಕದ ಅಧ್ಯಯನಕ್ಕೆ ಹೊಸ ಕ್ಷೇತ್ರವಾಗಬಲ್ಲದು.

5. ಹೆಸರಿನ ಪಲ್ಲಟ

ವಿದ್ಯುತ್ ಬಂದ ಮೇಲೆ ಕಡೆತ ಒಂದೇ ದಿಕ್ಕಿನ ಸುತ್ತಾಯಿತು. ಹಗ್ಗ ಎಳೆಯುವವನು ಬೇಡವಾದ. ಉಳಿಯನ್ನು ಹಿಂದೆ ತೆಗೆಯುವ ಲಯವೂ ಬೇಡವಾಯಿತು. ‘ಕಡೆ’ ಎಂಬ ಹೆಸರಿಗೆ ಕಾರಣವಾಗಿದ್ದ ಎರಡು ದಿಕ್ಕಿನ ಚಲನೆಯೇ ಹೋದ ಮೇಲೆ ‘ಲೇತು’, ‘ಟರ್ನಿಂಗ್’ ಎಂಬ ಮಾತುಗಳು ಸಲೀಸಾಗಿ ಬಂದು ಕುಳಿತುದರಲ್ಲಿ ಆಶ್ಚರ್ಯವಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳ ‘ಟರ್ನರ್’ ಲೋಹವನ್ನು ಕಡೆಯುವವನು. ಹೀಗಾಗಿ ಇಂದಿನ ಹುಡುಗನಿಗೆ ‘ಟರ್ನರ್’ ಎಂದರೆ ಕಾರ್ಖಾನೆಯ ನೌಕರ, ‘ಕಾರ್ಪೆಂಟರ್’ ಎಂದರೆ ಬಾಗಿಲು ಕಿಟಕಿ ಮಾಡುವವನು. ಎರಡರ ನಡುವೆ ಇದ್ದ ಮರದ ಕಡೆತಗಾರನಿಗೆ ಹೆಸರೇ ಇಲ್ಲ. ಇಲ್ಲಿ ಎರವಲು ಪದವನ್ನು ದೂಷಿಸಿ ಫಲವಿಲ್ಲ. ಉರ್ದು ಮಾತಿನ ಕುಶಲಕರ್ಮಿಗಳು ‘ಖರಾದ್’ ಎಂದಾಗಲೂ ಕಸುಬು ಬೆಳೆಯಿತು. ಚನ್ನಪಟ್ಟಣದಲ್ಲಿ ಈ ಕಲೆಯನ್ನು ಉಳಿಸಿದವರಲ್ಲಿ ಮುಸ್ಲಿಂ ಕುಟುಂಬಗಳು ಅನೇಕ. ಪ್ರಶ್ನೆ ಇರುವುದು ಪದದ ಮೂಲದಲ್ಲಲ್ಲ. ಕೆಲಸದ ಒಳಭೇದಗಳನ್ನು ಹೆಸರಿಸುವ ಶಕ್ತಿ ಉಳಿಯುತ್ತದೆಯೇ ಎಂಬುದರಲ್ಲಿ.

6. ಸಂಗ್ರಹದ ವಿಧಾನ: ಪ್ರಶ್ನಾವಳಿಯಿಂದ ಕೂಟಕ್ಕೆ

ಕಸುಬಿನ ಪದಗಳ ಸಂಗ್ರಹ ನೆರೆಯ ತೆಲುಗಿನಲ್ಲಿ ಬೇಗ ಆರಂಭವಾಯಿತು. ಭದ್ರಿರಾಜು ಕೃಷ್ಣಮೂರ್ತಿ ಅವರು ರೂಪಿಸಿದ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟ (1962) ವ್ಯವಸಾಯವನ್ನೂ ಎರಡನೆಯದು (1971) ಕೈಮಗ್ಗವನ್ನೂ ಕುರಿತದ್ದು. ಅವು ಕ್ಷೇತ್ರಕಾರ್ಯವನ್ನು ಆಧರಿಸಿದ, ಪ್ರದೇಶಭೇದಗಳನ್ನು ತೋರಿಸುವ ಮಾದರಿ ಕೆಲಸಗಳು. ಕನ್ನಡದಲ್ಲಿ ಕಿಟೆಲ್ ನಿಘಂಟು (1894) ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎರಡೂ ಮಹತ್ತ್ವದ ಆಕರಗಳು. ಆದರೆ ಪರಿಷತ್ತಿನ ನಿಘಂಟಿನ ಮುಖ್ಯ ನೆಲೆ ಶಾಸನ ಮತ್ತು ಗ್ರಂಥಸ್ಥ ಪ್ರಯೋಗ. ಬರೆಯದವರ ಕಸುಬಿನ ಮಾತು ಅಂಥ ನಿಘಂಟಿಗೆ ಅಪರೂಪಕ್ಕೆ ಮಾತ್ರ ಪ್ರವೇಶ ಪಡೆಯುತ್ತದೆ.

ವಸ್ತುಸಂಗ್ರಹದ ದಾರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಮತ್ತು ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ದೊಡ್ಡ ಕೆಲಸ ಮಾಡಿವೆ. ಆದರೆ ಗಾಜಿನ ಹಿಂದೆ ಇಟ್ಟ ಬುಗುರಿ ತನ್ನ ರೂಪವನ್ನು ಹೇಳಬಲ್ಲದೇ ಹೊರತು ತನ್ನನ್ನು ಕಡೆದ ಲಯವನ್ನಲ್ಲ. ‘ಇದಕ್ಕೆ ಏನೆನ್ನುತ್ತೀರಿ’ ಎಂಬ ಪ್ರಶ್ನಾವಳಿಯಿಂದ ನಾಮಪದಗಳು ದೊರೆಯುತ್ತವೆ. ಕ್ರಿಯಾಪದಗಳೂ ಹದವನ್ನು ಸೂಚಿಸುವ ವಿಶೇಷಣಗಳೂ ದೊರೆಯುವುದಿಲ್ಲ. ಅವು ಹುಟ್ಟುವುದು ಕೆಲಸ ನಡೆಯುತ್ತಿರುವಾಗ, ಹಿರಿಯ ಕಿರಿಯನನ್ನು ತಿದ್ದುವಾಗ.

ಇಲ್ಲಿ ಹೊರಗಿನ ಒಂದು ಅನುಭವ ಉಪಯುಕ್ತ. ಇಂಗ್ಲೆಂಡಿನಲ್ಲಿ ಕಡೆತಗಾರರ ವೃತ್ತಿಸಂಘಕ್ಕೆ 1604ರಲ್ಲಿಯೇ ರಾಜಮಾನ್ಯತೆ ದೊರೆತಿತ್ತು. ಕಸುಬು ಕಾರ್ಖಾನೆಗೆ ಸೋತ ಮೇಲೆ ಅದು ಹವ್ಯಾಸವಾಗಿ ಮರಳಿತು. ಅಮೆರಿಕದಲ್ಲಿ 1986ರಲ್ಲಿ, ಬ್ರಿಟನ್ನಿನಲ್ಲಿ 1987ರಲ್ಲಿ ಮರಗಡೆತದ ರಾಷ್ಟ್ರೀಯ ಸಂಘಗಳು ಹುಟ್ಟಿದುವು. ಅವುಗಳ ಸ್ಥಳೀಯ ಕೂಟಗಳಲ್ಲಿ ಒಬ್ಬರು ಎಲ್ಲರೆದುರು ಕಡೆದು ತೋರಿಸುತ್ತಾರೆ. ಉಳಿದವರು ತಾವು ಮಾಡಿದುದನ್ನು ತಂದು ಮೇಜಿನ ಮೇಲಿಟ್ಟು ಗುಣದೋಷ ಕೇಳುತ್ತಾರೆ. ಅಲ್ಲಿನವರಿಗೆ ಅದು ಬಿಡುವಿನ ಸಂತೋಷ. ಇಲ್ಲಿನ ಕಡೆತಗಾರನಿಗೆ ಹೊಟ್ಟೆಪಾಡು. ಈ ಅಂತರವನ್ನು ಮರೆತು ಮಾದರಿಯನ್ನು ಹಾಗೆಯೇ ತರುವುದು ಸರಿಯಲ್ಲ. ಆದರೆ ‘ಎಲ್ಲರೆದುರು ಮಾಡಿ ತೋರಿಸುವುದು, ಮಾಡಿದುದರ ಬಗ್ಗೆ ಮಾತನಾಡುವುದು’ ಎಂಬ ಕ್ರಮ ಪದಸಂಗ್ರಹಕ್ಕೆ ಹೇಳಿ ಮಾಡಿಸಿದಂತಿದೆ.

ನಾಲ್ಕು ತಾಲ್ಲೂಕುಗಳಿಗೆ ನಡುವಣ ಊರಾದ ಹುಣಸೂರಿನಲ್ಲಿ ಇಂಥ ಕೂಟವೊಂದನ್ನು ಕನ್ನಡ ವಿಭಾಗಗಳು ಏರ್ಪಡಿಸಬಹುದು. ಅದರ ಕ್ರಮ ಹೀಗಿರಬಹುದು: ಒಂದೇ ವಸ್ತುವನ್ನು, ಉದಾಹರಣೆಗೆ ಬುಗುರಿಯನ್ನು, ಬೇರೆಬೇರೆ ತಾಲ್ಲೂಕಿನ ಕಡೆತಗಾರರು ಮಾಡಿ ತೋರಿಸಬೇಕು, ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಮಾತನಾಡಬೇಕು, ಸಂಶೋಧಕ ಪ್ರಶ್ನೆ ಕೇಳುವುದಕ್ಕಿಂತ ಕೇಳಿಸಿಕೊಳ್ಳುವುದರಲ್ಲಿ ತೊಡಗಬೇಕು, ದಾಖಲೆ ಧ್ವನಿ ಮತ್ತು ಚಿತ್ರ ಎರಡರಲ್ಲಿಯೂ ಆಗಬೇಕು. ದಿನವನ್ನು ಅವರ ಬಿಡುವಿಗೆ ಹೊಂದಿಸಬೇಕು. ವಿಶ್ವಕರ್ಮ ಕುಶಲಕರ್ಮಿಗಳಲ್ಲಿ ಹಲವರು ಅಮಾವಾಸ್ಯೆಯಂದು ಉಪಕರಣ ಮುಟ್ಟುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಒಂದು ದಿನದ ಕೂಲಿ ಕಳೆದುಕೊಂಡು ಬರುವವರಿಗೆ ಆ ಕೂಲಿಯನ್ನು ತುಂಬಿಕೊಡಬೇಕು. ವಿಚಾರ ಸಂಕಿರಣದ ಉಪನ್ಯಾಸಕರಿಗೆ ಸಂಭಾವನೆ ಕೊಡುವ ವಿಭಾಗಗಳು ಮಾಹಿತಿದಾರನ ಕಾಲಕ್ಕೆ ಬೆಲೆಯಿಲ್ಲವೆಂದು ಭಾವಿಸುವುದು ಅಧ್ಯಯನದ ನೈತಿಕತೆಗೆ ಹೊಂದುವುದಿಲ್ಲ.

7. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳನ್ನು ನಿಗಮಿಸಬಹುದು. ಒಂದು, ‘ಕಡೆ’ ಧಾತುವಿನ ಮಥನ ಮತ್ತು ಕಡೆತ ಎಂಬ ಅರ್ಥಗಳು ಹಗ್ಗದ ಎರಡು ದಿಕ್ಕಿನ ಚಲನೆಯಲ್ಲಿ ಕೂಡುತ್ತವೆ. ಉಪಕರಣದ ಇತಿಹಾಸವನ್ನು ಬಿಟ್ಟು ಪದದ ಇತಿಹಾಸವನ್ನು ವಿವರಿಸಲಾಗದು. ಎರಡು, ಕೆತ್ತನೆಗೆ ಆ ಮಾತು ವಿಸ್ತರಿಸಿದಾಗ ಮತ್ತು ‘ಕಡಿ’ಯೊಡನೆ ಅದರ ರೂಪ ಬೆರೆತಾಗ ಮೂಲದ ಅರ್ಥ ಮಸುಕಾಯಿತು, ಗಾಡಿ ಹೋದುದು, ಮರ ಸೌದೆಯಾದುದು, ವಿದ್ಯುತ್ ಬಂದುದು ಆ ಮಸುಕನ್ನು ಪೂರ್ಣಗೊಳಿಸಿದುವು. ಮೂರು, ಇಂಥ ಪದಗಳನ್ನು ಪ್ರಶ್ನಾವಳಿಗಿಂತ ಕೆಲಸದ ಕೂಟದಲ್ಲಿ ಸಂಗ್ರಹಿಸುವುದೇ ಸೂಕ್ತ.

ಹಗ್ಗದ ಕಡೆತವನ್ನು ಕಣ್ಣಾರೆ ಕಂಡ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಗ್ರಂಥಸ್ಥ ಪದ ನೂರು ವರ್ಷ ಕಾಯಬಲ್ಲದು. ಹಸ್ತಪ್ರತಿ ಸಿಕ್ಕಿದ ದಿನ ಅದನ್ನು ಓದಿಕೊಳ್ಳಬಹುದು. ಕಸುಬಿನ ಪದಕ್ಕೆ ಆ ಸೌಲಭ್ಯವಿಲ್ಲ. ಹಗ್ಗ ಎಳೆಯುವ ಒಬ್ಬನೂ ಉಳಿ ಹಿಡಿಯುವ ಒಬ್ಬನೂ ಎದುರುಬದುರು ಕುಳಿತಿರುವಷ್ಟು ಕಾಲ ಮಾತ್ರ ಅದು ನುಡಿಯಾಗಿರುತ್ತದೆ. ಅವರಿಬ್ಬರನ್ನು ಇನ್ನೂ ಒಂದೆಡೆ ಕೂರಿಸಲು ಸಾಧ್ಯವಿರುವಾಗಲೇ ಕನ್ನಡ ವಿಭಾಗಗಳು ಆ ಕೆಲಸಕ್ಕೆ ತೊಡಗಬೇಕಾಗಿದೆ.